ಗಾಲಿಯಡಿಯ ನಿಂಬೆಹಣ್ಣು

ಆಯುಧಪೂಜೆಯ ದಿನ ಮನೆಯ ಮುಂದಿನ ಕಾರಿಗೆ ಹಾರ ಹಾಕಿ, ಗಾಲಿಯಡಿ ನಿಂಬೆಹಣ್ಣು ಇಟ್ಟಿದ್ದರು. ಆದರೆ ವಾರದಿಂದ ಊರಲ್ಲಿ ಎಲ್ಲೂ ಪೆಟ್ರೋಲ್ ಸಿಗುತ್ತಿರಲಿಲ್ಲ.

“ಅಂತೂ ನಾನು ಬದುಕಿಕೊಂಡೆ,” ಎಂದಿತು ನಿಂಬೆಹಣ್ಣು. “ನಿನ್ನ ಟ್ಯಾಂಕು ಖಾಲಿ. ದೇವಸ್ಥಾನ ಇದೇ ಬೀದಿಯ ಕೊನೆಯಲ್ಲಿದೆ. ಇವರಿಗೂ ಕಾಲುಗಳಿವೆ, ನಡೆದು ಹೋಗುತ್ತಾರೆ.”

“ನೀನು ಈ ಮನೆಗೆ ಇವತ್ತಷ್ಟೇ ಬಂದಿದ್ದೀಯ,” ಎಂದಿತು ಕಾರು. “ಇವರನ್ನು ವರ್ಷಗಟ್ಟಲೆ ಹೊತ್ತವನು ನಾನು.”

ಅಷ್ಟರಲ್ಲಿ ಯಜಮಾನ ರುದ್ರಮುನಿ ರೇಷ್ಮೆ ಪಂಚೆಯನ್ನು ಎತ್ತಿ ಕಟ್ಟುತ್ತಾ ಹೆಂಡತಿಯೊಂದಿಗೆ ಹೊರಬಂದರು.

“ದೇವಸ್ಥಾನದವರೆಗೂ ನಡೆಯೋದು ಅಂದರೆ ಆಗೋ ಮಾತಾ?” ಎಂದರು. “ಬಾ, ನೀನು ಆ ಕಡೆ ಕೈ ಹಾಕು. ಕಾರು ತಳ್ಳಿಕೊಂಡೇ ಹೋಗಿಬಿಡೋಣ.”

ನಿಂಬೆಹಣ್ಣು ಪಚಕ್ಕೆಂದಿತು.