ಗಾಯದ ಅಂಚಿನ ಗೆರೆ

"ಬುದ್ಧಿಯವರೇ, ಮನಸ್ಸಿನಲ್ಲಿ ಹೊಟ್ಟೆಕಿಚ್ಚು ಇದೆ ಅಂದುಕೊಳ್ಳಿ. ಅದನ್ನು ಯಾರಿಗೂ ತೋರಿಸುವುದಿಲ್ಲ, ಯಾರ ಮೇಲೂ ಒಂದು ಕೆಟ್ಟ ಮಾತು ಆಡುವುದಿಲ್ಲ. ಹಾಗೆ ಒಳಗೇ ಇಟ್ಟುಕೊಂಡರೆ ಅದರಿಂದ ಯಾರಿಗೆ ಏನು ಕೇಡು?"

ಗುರುಗಳನ್ನು ಹೀಗೆ ಕೇಳಿದವನು ಮರುಳಸಿದ್ಧ. ಹನ್ನೆರಡು ವರ್ಷದಿಂದ ಮಠದಲ್ಲಿದ್ದ ಶಿಷ್ಯ. ಅವನಿಗಿಂತ ಐದು ವರ್ಷ ತಡವಾಗಿ ಬಂದ ಶಿವಯೋಗಿಯನ್ನು ಈ ಶ್ರಾವಣದಲ್ಲಿ ಪ್ರವಚನಕ್ಕೆ ಕೂರಿಸಬಹುದೇ ಎಂದು ಗುರುಗಳು ಯೋಚಿಸುತ್ತಿದ್ದರು. ಶಿವಯೋಗಿಯ ಮಾತನ್ನು ಮೊದಲು ಕೇಳಿ ಅಭಿಪ್ರಾಯ ಹೇಳುವ ಕೆಲಸವನ್ನು ಮರುಳಸಿದ್ಧನಿಗೇ ಒಪ್ಪಿಸಿದ್ದರು. ಮರುಳಸಿದ್ಧ ನಿನ್ನೆ ಬಂದು, ಚೆನ್ನಾಗಿಯೇ ಮಾತಾಡುತ್ತಾನೆ, ಆದರೆ ಇನ್ನೊಂದು ವರ್ಷ ಕಾಯಲಿ ಎಂದು ಹೇಳಿ ಹೋಗಿದ್ದ. ಇವತ್ತು ಈ ಪ್ರಶ್ನೆ ಹಿಡಿದುಕೊಂಡು ಬಂದಿದ್ದ.

"ಇದೆ ಅಂತ ಒಪ್ಪಿಕೊಂಡೆಯಲ್ಲ, ಅಷ್ಟಾದರೂ ಆಯಿತು. ಕೂತುಕೋ," ಎಂದು ಗುರುಗಳು ಹೇಳತೊಡಗಿದರು.

ಒಂದು ಜಿಲ್ಲಾ ಆಸ್ಪತ್ರೆ. ಅಲ್ಲಿ ಒಬ್ಬ ಹಿರಿಯ ವೈದ್ಯ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ವಾಸಿ ಮಾಡುವುದರಲ್ಲಿ ಅವನದು ಎತ್ತಿದ ಕೈ. ಮೂವತ್ತು ವರ್ಷ ಅದೇ ವಾರ್ಡಿನಲ್ಲಿ ಕೀವು ಒರೆಸಿದ್ದ, ಎಷ್ಟೋ ಜನರ ಕಾಲು ಉಳಿಸಿದ್ದ. ಲಂಚ ಮುಟ್ಟಿದವನಲ್ಲ, ರೋಗಿಯನ್ನು ಗದರಿದವನಲ್ಲ. ಅಂಥ ಒಳ್ಳೆಯವನಿಗೆ ಹೊಟ್ಟೆಕಿಚ್ಚು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ. ಒಳ್ಳೆಯವರ ಹೊಟ್ಟೆಕಿಚ್ಚು ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕಿಕೊಂಡು ಬರುತ್ತದೆ. ಗುರುತು ಹಿಡಿಯುವುದು ಕಷ್ಟ, ಅಷ್ಟೇ.

ಆ ಆಸ್ಪತ್ರೆಗೆ ಒಬ್ಬ ಕಿರಿಯ ವೈದ್ಯ ಬಂದ. ಸುತ್ತಲ ಕುರಿಗಾರರು ಕುರಿಯ ಗೊರಸಿನ ಗಾಯಕ್ಕೆ ಒಂದು ಸೊಪ್ಪನ್ನು ಅರೆದು ಹಚ್ಚುವುದನ್ನು ಅವನು ನೋಡಿದ. ನೋಡಿ ಸುಮ್ಮನಾಗಲಿಲ್ಲ. ಅದರ ರಸ ತೆಗೆಸಿ, ಕಾಯಿಸಿ, ಮನುಷ್ಯರ ಗಾಯಕ್ಕೆ ಹಚ್ಚುವಂಥ ಮುಲಾಮು ಮಾಡಿಸಿದ. ಮೇಲಿನವರಿಂದ ಪರೀಕ್ಷೆಗೆ ಒಪ್ಪಿಗೆಯನ್ನೂ ತಂದ. ಆಸ್ಪತ್ರೆಯ ಮುಖ್ಯಸ್ಥರು ಮೂರು ಹೊತ್ತೂ "ನಮ್ಮ ಹುಡುಗ, ನಮ್ಮ ಹುಡುಗ" ಎನ್ನತೊಡಗಿದರು.

ಆ ಸೊಪ್ಪು ಹಿರಿಯ ವೈದ್ಯನ ಮನೆಯ ಬೇಲಿಯಲ್ಲೇ ಬೆಳೆದಿತ್ತು. ಮೂವತ್ತು ವರ್ಷ ಅದನ್ನು ದಾಟಿಕೊಂಡೇ ಅವನು ಆಸ್ಪತ್ರೆಗೆ ಬಂದಿದ್ದ. ಅವನ ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಹೇಳುವುದೇನಿದೆ, ಉರಿಯಿತು. ಒಂದು ದಿನ ಬೇಲಿಯ ಹತ್ತಿರ ನಿಂತು ಆ ಗಿಡವನ್ನು ಬೇರುಸಹಿತ ಕಿತ್ತು ಹಾಕಿದ. ಹೆಂಡತಿ ಏಕೆಂದು ಕೇಳಿದ್ದಕ್ಕೆ, ಕಳೆ ಎಂದ.

ಪರೀಕ್ಷೆಯ ಕ್ರಮ ಹೀಗಿತ್ತು. ಕಾಲಿನಲ್ಲಿ ಗಾಯವಿದ್ದ ಅರವತ್ತು ಜನರನ್ನು ಕೇಳಿ, ಒಪ್ಪಿದ ಮೇಲೆ ಚೀಟಿ ಎತ್ತಿ ಅರ್ಧ ಜನಕ್ಕೆ ಹಳೆಯ ಮುಲಾಮು, ಅರ್ಧ ಜನಕ್ಕೆ ಹೊಸದು. ಡಬ್ಬಿಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಯಾವ ಸಂಖ್ಯೆ ಯಾವ ಮುಲಾಮು ಎಂಬ ಪಟ್ಟಿ ಮುಖ್ಯಸ್ಥರ ಅಲಮಾರಿನಲ್ಲಿ, ಅರಗು ಹಾಕಿದ ಲಕೋಟೆಯೊಳಗೆ. ಹಚ್ಚುವ ನರ್ಸಿಗೂ ಗೊತ್ತಿಲ್ಲ, ಹಚ್ಚಿಸಿಕೊಳ್ಳುವವರಿಗೂ ಗೊತ್ತಿಲ್ಲ. ನಾಲ್ಕು ವಾರವಾದರೂ ಗಾಯ ಸಣ್ಣದಾಗದಿದ್ದರೆ ಆ ರೋಗಿಯನ್ನು ಪರೀಕ್ಷೆಯಿಂದ ತೆಗೆದು ಬೇರೆ ಚಿಕಿತ್ಸೆ ಕೊಡಬೇಕು. ಇದು ಕಡ್ಡಾಯ.

ಗಾಯ ಸಣ್ಣದಾಯಿತೋ ಇಲ್ಲವೋ ಎಂದು ತಿಳಿಯಲು ಅಳೆಯಬೇಕಲ್ಲ. ಗಾಯದ ಮೇಲೆ ತೆಳುವಾದ ಪಾರದರ್ಶಕ ಹಾಳೆ ಇಟ್ಟು ಅಂಚಿನ ಗುಂಟ ಪೆನ್ನಿನಿಂದ ಗೆರೆ ಎಳೆಯಬೇಕು. ಆಮೇಲೆ ಆ ಹಾಳೆಯನ್ನು ಗ್ರಾಫ್ ಕಾಗದದ ಮೇಲಿಟ್ಟು ಗೆರೆಯೊಳಗೆ ಎಷ್ಟು ಚೌಕಗಳಿವೆ ಎಂದು ಎಣಿಸಬೇಕು. ವಾರಕ್ಕೊಂದು ಹಾಳೆ. ಇದಕ್ಕಾಗಿ ಕಿರಿಯ ವೈದ್ಯ ಹಿರಿಯನ ಕೋಣೆಗೆ ಬಂದ.

"ಸಾರ್, ಅಳತೆ ನೀವೇ ಮಾಡ್ಬೇಕು. ಮುಲಾಮು ನನ್ನದು, ನನ್ನ ಕಣ್ಣನ್ನ ನಾನೇ ನಂಬೋಕಾಗಲ್ಲ. ಗಾಯ ಇರೋದಕ್ಕಿಂತ ಸಣ್ಣದಾಗಿ ಕಂಡುಬಿಡುತ್ತೆ."

"ನನ್ನ ಕಣ್ಣನ್ನ ನಂಬ್ತೀಯಾ?"

"ನಿಮ್ಮನ್ನ ನಂಬದೆ ಇನ್ಯಾರನ್ನ ನಂಬ್ಲಿ ಸಾರ್?"

ಈ ಮಾತಿಗೆ ಹಿರಿಯ ವೈದ್ಯನ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ಕೊನೆಗೆ ನನ್ನನ್ನು ಗೆರೆ ಎಳೆಯುವ ಗುಮಾಸ್ತನನ್ನಾಗಿ ಮಾಡಿದ ಎಂದುಕೊಂಡ. ಆದರೂ ಆಗಲಿ ಎಂದ.

ಮೊದಲ ವಾರ ನೇರವಾಗಿಯೇ ಅಳೆದ. ಎರಡನೆಯ ವಾರ ಒಂದು ಸಂಗತಿ ಅವನ ಮೂಗಿಗೆ ಬಡಿಯಿತು. ಕೆಲವರ ಕಾಲಿನಿಂದ ಹಸಿ ಸೊಪ್ಪಿನ ವಾಸನೆ ಬರುತ್ತಿತ್ತು. ಎಷ್ಟು ತೊಳೆದರೂ ಸ್ವಲ್ಪ ಉಳಿಯುತ್ತಿತ್ತು. ಉಳಿದವರ ಕಾಲಿಗೆ ಯಾವ ವಾಸನೆಯೂ ಇರಲಿಲ್ಲ. ಇನ್ನು ಲಕೋಟೆ ಒಡೆಯುವ ಅಗತ್ಯವೇನಿದೆ? ಸೊಪ್ಪಿನ ವಾಸನೆ ಇದ್ದವರದು ಹೊಸ ಮುಲಾಮು, ಇಲ್ಲದವರದು ಹಳೆಯದು. ಹೀಗೆಂದು ಅವನು ತೀರ್ಮಾನಿಸಿದ. ಬೇಲಿಯಲ್ಲಿ ಕಿತ್ತ ಗಿಡದ ವಾಸನೆ ಇನ್ನೂ ಅವನ ಮೂಗಿನಲ್ಲಿತ್ತು.

ವಾಸಿಯಾಗುತ್ತಿರುವ ಗಾಯದ ಅಂಚಿನಲ್ಲಿ ಒಂದು ತಿಳಿಗೆಂಪು ಪಟ್ಟಿ ಇರುತ್ತದೆ. ಅದು ಪೂರ್ತಿ ಗಾಯವೂ ಅಲ್ಲ, ಪೂರ್ತಿ ಚರ್ಮವೂ ಅಲ್ಲ. ಪೆನ್ನನ್ನು ಅದರ ಒಳಗಡೆ ಆಡಿಸಬಹುದು, ಹೊರಗಡೆ ಆಡಿಸಬಹುದು. ಯಾರೂ ತಪ್ಪು ಎನ್ನಲಾರರು. ಸೊಪ್ಪಿನ ವಾಸನೆ ಬಂದಲ್ಲಿ ಹಿರಿಯ ವೈದ್ಯನ ಪೆನ್ನು ಪಟ್ಟಿಯ ಹೊರಗೆ ನಡೆಯಿತು. ವಾಸನೆ ಇಲ್ಲದಲ್ಲಿ ಒಳಗೆ ನಡೆಯಿತು. ಮುಂದಿನ ವಾರ ಇನ್ನೊಂದು ಕೂದಲೆಳೆಯಷ್ಟು ಹೊರಗೆ, ಇನ್ನೊಂದು ಕೂದಲೆಳೆಯಷ್ಟು ಒಳಗೆ. ಚೌಕಗಳನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣಿಸುತ್ತಿದ್ದ. ದೇವರಾಣೆಗೂ ಒಂದು ಅಂಕಿಯನ್ನೂ ಅವನು ಸುಳ್ಳು ಬರೆಯಲಿಲ್ಲ. ಕಿರಿಯನ ಮೇಲೆ ಯಾರ ಹತ್ತಿರವೂ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಎದುರಾದಾಗ ನಕ್ಕು ಮಾತಾಡಿಸುತ್ತಿದ್ದ.

ಹೀಗೇ ಎಂಟು ತಿಂಗಳು ನಡೆಯಿತು. ಕೊನೆಗೆ ಸೇರಿದವರಲ್ಲಿ ಒಬ್ಬಳು ಬಳೆಗಾರ್ತಿ ಇದ್ದಳು. ಬಳೆಯ ಮಲಾರ ಹೊತ್ತುಕೊಂಡು ಊರೂರು ತಿರುಗುವವಳು. ಅವಳಿಗೆ ನಡಿಗೆಯೇ ಅನ್ನ. ಅವಳ ಕಾಲ್ಬೆರಳ ಬುಡದ ಗಾಯಕ್ಕೆ ಸೊಪ್ಪಿನ ವಾಸನೆ ಇರಲಿಲ್ಲ. ಹಾಗಾಗಿ ಹಾಳೆಯಲ್ಲಿ ಅದು ವಾರದಿಂದ ವಾರಕ್ಕೆ ಕುಗ್ಗುತ್ತಾ ಬಂತು. ನಾಲ್ಕನೆಯ ವಾರ ದಾಟಿತು, ಆರನೆಯದು ಬಂತು. ಅವತ್ತು ಗೆರೆ ಎಳೆದು ಮುಗಿಸಿದ ವೈದ್ಯ, "ಸಣ್ಣದಾಗಿದೆಯಮ್ಮ," ಎಂದ.

ಅವಳು ಹಾಳೆಯನ್ನೂ ನೋಡಿದಳು, ಕಾಲನ್ನೂ ನೋಡಿದಳು. "ಕಾಗದದಾಗೆ ಸಣ್ಣದಾಗೈತೆ ಬಿಡ್ರಿ ಡಾಕ್ಟ್ರೇ, ಕಾಲಾಗೆ ಆಗಿಲ್ಲ. ಮಂಚ ಇಳಿದ್ರೆ ಜೀವ ಹೋಗ್ತೈತೆ."

ಅವಳ ಮಾತು ವೈದ್ಯನ ಕಿವಿಗೆ ಬಿತ್ತು, ಅದರಾಚೆಗೆ ಹೋಗಲಿಲ್ಲ. ನರ್ಸುಗಳು ಹಾಳೆಯ ಅಂಕಿಯನ್ನು ನಂಬಿದರು. ಮೂವತ್ತು ವರ್ಷದ ಕೈ ಬರೆದ ಅಂಕಿಯನ್ನು ಬಿಟ್ಟು ಒಬ್ಬ ಬಳೆಗಾರ್ತಿಯ ನೋವನ್ನು ನಂಬುವವರು ಯಾರು?

ಆ ವಾರದ ಕೊನೆಗೆ ಲಕೋಟೆ ಒಡೆಯುವ ದಿನ ಬಂತು. ಎಲ್ಲ ವೈದ್ಯರೂ ಸಭಾಂಗಣದಲ್ಲಿ ಸೇರಿದರು. ಹಿರಿಯ ವೈದ್ಯ ಮುಂದಿನ ಸಾಲಿನಲ್ಲೇ ಕೂತ. ಒಬ್ಬನ ಮುಖ ಬಾಡುವುದನ್ನು ಹತ್ತಿರದಿಂದ ನೋಡುವ ಆಸೆ. ಮುಖ್ಯಸ್ಥರು ಪಟ್ಟಿ ಓದಿದರು. ಒಂದು ಗುಂಪಿನವರ ಗಾಯ ಅರ್ಧಕ್ಕರ್ಧ ಕುಗ್ಗಿತ್ತು. ಇನ್ನೊಂದು ಗುಂಪಿನವರದು ಇದ್ದಷ್ಟೇ ಇತ್ತು. ಕುಗ್ಗಿದ್ದು ಹೊಸ ಮುಲಾಮಿನವರದು.

ಹಿರಿಯ ವೈದ್ಯ ಕಿರಿಯನ ಕಡೆ ತಿರುಗಿದ. ಪಕ್ಕದವರು ಯಾರೋ ವಾಸನೆಯ ಬಗ್ಗೆ ಕೇಳಿದ್ದಕ್ಕೆ ಕಿರಿಯ ವೈದ್ಯ ನಗುತ್ತಾ ವಿವರಿಸುತ್ತಿದ್ದ. ವಾಸನೆಯಿಂದ ಗುಟ್ಟು ಒಡೆಯಬಾರದೆಂದು ಹಳೆಯ ಮುಲಾಮಿಗೂ ಸೊಪ್ಪಿನ ವಾಸನೆಯ ಎಣ್ಣೆ ಬೆರೆಸಿದ್ದರಂತೆ. ಹೊಸದರ ವಾಸನೆ ಕಾಯಿಸುವಾಗಲೇ ಹಾರಿಹೋಗಿತ್ತಂತೆ. ಅದು ಅವರಿಗೇ ತಿಳಿದದ್ದು ಮೊನ್ನೆ ಮೊನ್ನೆ.

ಚಪ್ಪಾಳೆ ಬಿತ್ತು. ಸೋಮವಾರದಿಂದ ಎಲ್ಲರಿಗೂ ಹೊಸ ಮುಲಾಮೇ, ಹಳೆಯದನ್ನು ನಿಲ್ಲಿಸಿ ಎಂದು ಮುಖ್ಯಸ್ಥರು ಸಾರಿದರು. ಕಿರಿಯ ವೈದ್ಯ ಬಂದು ಹಿರಿಯನ ಕಾಲು ಮುಟ್ಟಿದ. ಯಾರನ್ನು ಬೀಳಿಸಲು ಎಂಟು ತಿಂಗಳು ಗೆರೆ ಎಳೆದನೋ ಅವನನ್ನು ತಾನೇ ಹೆಗಲ ಮೇಲೆ ಕೂರಿಸಿಕೊಂಡು ಮೆರೆಸಿದಂತಾಗಿತ್ತು.

ಆಗ ಅವನಿಗೆ ಪಶ್ಚಾತ್ತಾಪವಾಯಿತು ಎಂದು ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ. ಮೊದಲು ಆದದ್ದು ಇನ್ನಷ್ಟು ಹೊಟ್ಟೆಕಿಚ್ಚು. ಅನ್ಯಾಯವಾಗಿ ಗೆಲುವನ್ನು ನಾನೇ ಕೊಟ್ಟೆನಲ್ಲ ಎಂಬ ಸಂಕಟ. ಮನೆಗೆ ಹೋಗಿ ಊಟ ಮಾಡದೆ ಕೂತ. ಕೂತವನಿಗೆ ಸೋಮವಾರ ನೆನಪಾಯಿತು. ಸೋಮವಾರದಿಂದ ನಾಲ್ಕು ತಾಲ್ಲೂಕಿನ ಕಾಲುಗಳಿಗೆ ಬೀಳುವ ಮುಲಾಮು ಒಳ್ಳೆಯದೋ ಕೆಟ್ಟದ್ದೋ? ಯಾರಿಗೂ ಗೊತ್ತಿಲ್ಲ. ಅರವತ್ತು ಕಾಲು ಅಳೆದ ಅವನಿಗೂ ಗೊತ್ತಿಲ್ಲ. ಬಳೆಗಾರ್ತಿಯ ಮಾತು ಈಗ ಕಿವಿಯಿಂದ ಒಳಕ್ಕೆ ಇಳಿಯಿತು.

ಮಾರನೆಯ ಬೆಳಿಗ್ಗೆ ಕಿರಿಯ ವೈದ್ಯನ ಮುಂದೆ ನಿಂತು, "ಆ ಅಳತೆ ತಪ್ಪಿದೆ. ಮುಲಾಮು ಯಾರಿಗೂ ಹಚ್ಚಬೇಡ," ಎಂದ.

ಕಿರಿಯನ ಮುಖ ಕಪ್ಪಿಟ್ಟಿತು. "ನಿಮಗೆ ನನ್ನ ಕಂಡ್ರೆ ಹೊಟ್ಟೆ ಉರಿ ಅಂತ ಜನ ಆಡ್ಕೊಳ್ತಿದ್ರು ಸಾರ್. ನಾನು ಅವರ ಹತ್ರ ಜಗಳ ಆಡಿದ್ದೆ. ಅವರೇ ಸರಿ ಅಂತ ಇವತ್ತು ಗೊತ್ತಾಯ್ತು."

ನೋಡು, ಎಂಟು ತಿಂಗಳು ಹೊಟ್ಟೆಕಿಚ್ಚಿನಿಂದ ಅಳೆದದ್ದನ್ನು ಎಲ್ಲರೂ ಸತ್ಯ ಎಂದರು. ಮೊದಲ ಸಲ ಸತ್ಯ ಹೇಳಿದಾಗ ಹೊಟ್ಟೆಕಿಚ್ಚು ಎಂದರು. ಹಿರಿಯ ವೈದ್ಯ ವಾದ ಮಾಡಲಿಲ್ಲ. ಅವನ ಕೈ ಹಿಡಿದು ಬಳೆಗಾರ್ತಿಯ ಮಂಚದ ಹತ್ತಿರ ಕರೆದುಕೊಂಡು ಹೋದ. ಕೈಗೆ ಪೆನ್ನು ಕೊಟ್ಟ. "ನೀನೇ ಎಳೆ," ಎಂದ.

ಕಿರಿಯ ವೈದ್ಯ ಎಳೆದ. ಅದರ ಮೇಲೆ ಅದೇ ವಾರ ಹಿರಿಯ ಎಳೆದಿದ್ದ ಹಾಳೆಯನ್ನು ಇಟ್ಟ. ದೊಡ್ಡ ತಟ್ಟೆಯೊಳಗೆ ಬಟ್ಟಲು ಇಟ್ಟ ಹಾಗಿತ್ತು. ಆಮೇಲೆ ಗಾಯದೊಳಗೆ ಸಲಾಕೆ ಇಳಿಸಿ ನೋಡಿದ. ಅದು ಮೂಳೆಗೆ ತಾಗಿತು; ಕೀವು ಅಲ್ಲಿಯವರೆಗೂ ಇಳಿದಿತ್ತು.

"ನಾಲ್ಕನೇ ವಾರಕ್ಕೇ ಗೊತ್ತಾಗಿದ್ರೆ ಬೆರಳು ಉಳೀತಿತ್ತು ಸಾರ್," ಎಂದಷ್ಟೇ ಹೇಳಿದ.

ಹಿರಿಯ ವೈದ್ಯ ಮುಖ್ಯಸ್ಥರಿಗೆ ಎಲ್ಲವನ್ನೂ ತಾನೇ ಬರೆದುಕೊಟ್ಟ. ಪರೀಕ್ಷೆ ರದ್ದಾಯಿತು. ಮುಲಾಮಿನ ಡಬ್ಬಿಗಳನ್ನು ಮೂಲೆಗೆ ಹಾಕಿದರು. ಕಿರಿಯ ವೈದ್ಯನ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ. ಹಿರಿಯನು ಎಂಟು ತಿಂಗಳ ಹಿಂದೆ ಹಗಲಿರುಳು ಬಯಸಿದ್ದು ಇದನ್ನೇ. ಬಯಸಿದ್ದು ಚಾಚೂ ತಪ್ಪದೆ ಕೈಗೆ ಬಂತು. ಅವನು ಅದನ್ನು ಹಿಡಿದುಕೊಂಡು ಅತ್ತ.

ಬಳೆಗಾರ್ತಿಯ ಎರಡು ಬೆರಳು ತೆಗೆಯಬೇಕಾಯಿತು. ಕಟ್ಟು ಬಿಚ್ಚುವ ದಿನ ಹಿರಿಯ ವೈದ್ಯ ಅವಳ ಮುಂದೆ ಹೋಗಿ ಕೈ ಮುಗಿದು ನಿಂತ. ನಡೆದದ್ದನ್ನು ಹೇಳಿದ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಕಾಲನ್ನು ಒಮ್ಮೆ ನೋಡಿಕೊಂಡು ಕೇಳಿದಳು.

"ಆ ನಿಮ್ ಕಾಗದದಾಗೆ ನನ್ ಬೆರಳು ಇನ್ನೂ ಅದಾವಾ ಡಾಕ್ಟ್ರೇ?"

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ಆ ವೈದ್ಯನ ಮೇಲೆ ಸಿಟ್ಟು ಬಂದಿತ್ತು. "ಎಂಥ ಮನುಷ್ಯ, ಬುದ್ಧಿಯವರೇ! ನಂಬಿ ಅಳತೆ ಒಪ್ಪಿಸಿದವನಿಗೆ ಹೀಗೆ ಮಾಡುವುದೇ?" ಎಂದ.

ಗುರುಗಳು ಅವನ ಮುಖವನ್ನೇ ನೋಡುತ್ತಾ ಕೇಳಿದರು: "ಶಿವಯೋಗಿ ಇನ್ನೊಂದು ವರ್ಷ ಕಾಯಲಿ ಎಂದು ನಿನ್ನೆ ಹೇಳಿದೆಯಲ್ಲ, ಆ ಗೆರೆಯನ್ನು ಒಳಗೆ ಎಳೆದೆಯೋ, ಹೊರಗೆ ಎಳೆದೆಯೋ?"