ಓಗೊಡದವನ್ನೆಲ್ಲ ಒಟ್ಟಿಗೆ ತೆಗೆ

ಭಾನುವಾರ ಸಂಜೆ ಹೊಳೆದಂಡೆಯ ಮಠದಲ್ಲಿ ಚಪ್ಪಲಿ ಕಾಯುವ ಕ್ಯಾಮೆರಾ ಕೊನೆಯುಸಿರೆಳೆಯಿತು. ಕೆಲಕಾಲದಿಂದ ಅದಕ್ಕೆ ಕಣ್ಣು ಮಂಜಾಗಿತ್ತು. ತುಂಬಲಾರದ ನಷ್ಟವೆಂದು ಯಾರೂ ಹೇಳಲಿಲ್ಲ. ಆದರೆ ಎಲ್ಲರೂ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದರು. ಗುರುಗಳಾದ ಅಡವಯ್ಯಜ್ಜನವರು ಮಾತ್ರ ಹೊರಗೆ ಬಿಟ್ಟರು.

ಮಠದ ಕ್ಯಾಮೆರಾ, ಬೀಗ, ಸೈರನ್‌ಗಳನ್ನೆಲ್ಲ ನೋಡಿಕೊಳ್ಳುವುದು ದ್ವಾರಪಾಲ. ದ್ವಾರಪಾಲ ಮನುಷ್ಯನಲ್ಲ, ಕಂಪ್ಯೂಟರಿನೊಳಗಿನ ಎಐ. ಬರೆದುಕೊಟ್ಟದ್ದನ್ನು ಓದುತ್ತದೆ, ಓದಿದ್ದನ್ನು ಮಾಡುತ್ತದೆ. ಈ ಗುಣ ಮಠದಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಚಪ್ಪಲಿ ಕ್ಯಾಮೆರಾ ಉತ್ತರಿಸುತ್ತಿಲ್ಲ ಎಂದು ಅದು ಶಿಷ್ಯ ಪಂಪಣ್ಣನ ಫೋನಿಗೆ ತಿಳಿಸಿತು. ಮತ್ತೆ ತಿಳಿಸಿತು. ಕೊಟ್ಟಿಗೆಯ ಬೀಗವೂ ಉತ್ತರಿಸುತ್ತಿಲ್ಲ ಎಂದಿತು. ಧ್ಯಾನಕ್ಕೆ ಕೂತರೆ ಫೋನು ನಡುಗುತ್ತಿತ್ತು. ಫೋನು ಸುಮ್ಮನಾದರೆ ಪಂಪಣ್ಣ ನಡುಗುತ್ತಿದ್ದ.

ಕೆಟ್ಟ ಉಪಕರಣಗಳ ಸಂಪರ್ಕ ಕಡಿದು ಒಂದೇ ಏಟಿಗೆ ತೆಗೆದುಹಾಕುವ ಸಾಧನವೊಂದು ಕಂಪ್ಯೂಟರಿಗೆ ಹೊಸದಾಗಿ ಬಂದಿತ್ತು. ಅದನ್ನು ಯಾವಾಗ, ಹೇಗೆ ಬಳಸಬೇಕೆಂದು ದ್ವಾರಪಾಲನಿಗೆ ಬರೆದುಕೊಡಬೇಕು. ಪಂಪಣ್ಣ ನಿಂತಲ್ಲೇ ಒಂದು ಹಾಳೆಯ ಮೇಲೆ ಬರೆದ:

"ಕರೆದಾಗ ಓಗೊಡದ ಉಪಕರಣಗಳನ್ನೆಲ್ಲ ಒಟ್ಟಿಗೆ ತೆಗೆ."

"ಮುಗೀತೇನು?" ಅಜ್ಜನವರು ಕೇಳಿದರು.

"ಮುಗೀತ್ರಿ ಅಜ್ಜಾರ. ಸಣ್ಣ ಕೆಲಸ."

"ತೆಗೆದದ್ದು ವಾಪಸ್ ಬರತೈತಿ?"

"ತಾನಾಗಿ ಬರೂದಿಲ್ಲ್ರಿ. ಯಾರರೆ ಬಂದು ಮತ್ತ ಕೂಡಿಸಬೇಕು."

"ಬರದೀಯೇನು ಅದನ್ನ?"

"ಎಲ್ಲಾರಿಗೂ ಗೊತ್ತಿದ್ದದ್ದ ಅಲ್ರಿ."

"ಓದೂದು ಯಾರು?"

"ದ್ವಾರಪಾಲ."

"ಅದು ಎಲ್ಲಾರೊಳಗ ಯಾವಾಗ ಬಂತು?"

ಪಂಪಣ್ಣ ನಕ್ಕ. ಅಜ್ಜನವರು ಹಾಳೆಯನ್ನು ಮಡಚಿ ತಮ್ಮ ಬಳಿ ಇಟ್ಟುಕೊಂಡರು.

ಮರುದಿನ ಸೋಮವಾರ. ಸೋಮವಾರ ಮಧ್ಯಾಹ್ನದ ಊಟ ಮುಗಿಯುವವರೆಗೆ ಮಠದಲ್ಲಿ ಮೌನವ್ರತ. ಅಡುಗೆಯ ಶರಣವ್ವನಿಗೆ ಮಾತ್ರ ವಿನಾಯಿತಿ.

ಬೆಳಗಿನಿಂದ ಫೋನು ನಡುಗುತ್ತಲೇ ಇತ್ತು. ತಡೆಯಲಾರದೆ ಪಂಪಣ್ಣ ಅದೇ ಸಾಲನ್ನು ಫೋನಿನಲ್ಲಿ ಒತ್ತಿ ದ್ವಾರಪಾಲನಿಗೆ ಕಳಿಸಿಬಿಟ್ಟ. ವ್ರತವಿದ್ದದ್ದು ನಾಲಿಗೆಗೆ, ಬೆರಳಿಗಲ್ಲ. ಫೋನು ತಣ್ಣಗಾಯಿತು.

ಪಂಕ್ತಿ ಕೂತಿತು. ಎಲೆ ಹಾಕಿತ್ತು. ಶರಣವ್ವ ಒಂದು ಕೈಯಲ್ಲಿ ಹಾಳೆ ಹಿಡಿದು ಬಂದಳು.

"ಅನ್ನ ಬೇಕೇನ್ರಿ?" ಮೊದಲನೆಯವರನ್ನು ಕೇಳಿದಳು.

ಅವರು ಮಾತಾಡಲಿಲ್ಲ. ಶರಣವ್ವ ಎಲೆ ಎತ್ತಿದಳು.

ಎರಡನೆಯವರನ್ನು ಕೇಳಿದಳು. ಎಲೆ ಎತ್ತಿದಳು. ಹೀಗೇ ಸಾಲು ಮುಗಿಸುತ್ತ ಬಂದಳು. ಅಜ್ಜನವರ ಎಲೆಯೂ ಹೋಯಿತು. ಅವರು ಕೈಮುಗಿದು ಬಿಟ್ಟುಕೊಟ್ಟರು.

"ಪಂಪಣ್ಣ, ಅನ್ನ ಬೇಕೇನಪ?"

"ಏ ಶರಣವ್ವ, ಇವತ್ತು ಮೌನ. ಅವರು ಹೆಂಗ ಮಾತಾಡತಾರ? ಸುಮ್ಮನದಾರಂದ್ರ ಹಸಿವಿಲ್ಲಂತಲ್ಲ."

"ನನಗೇನ್ ಗೊತ್ತಪಾ. ಬರದಂಗ ಮಾಡೀನಿ. ನಿಂದ ಅಕ್ಷರ ನೋಡು."

ಅವನದೇ ಅಕ್ಷರ. 'ಉಪಕರಣಗಳನ್ನೆಲ್ಲ' ಎಂಬುದನ್ನು ಅಜ್ಜನವರು ಹೊಡೆದುಹಾಕಿ 'ಉಣ್ಣುವವರ ಎಲೆಗಳನ್ನೆಲ್ಲ' ಎಂದು ಬರೆದಿದ್ದರು. ಉಳಿದದ್ದನ್ನು ಮುಟ್ಟಿರಲಿಲ್ಲ.

ಶರಣವ್ವ ಅವನಿಗೆ ಅನ್ನ ಬಡಿಸಿದಳು. ಇಡೀ ಪಂಕ್ತಿಯಲ್ಲಿ ವ್ರತ ಮುರಿದವನ ಎಲೆ ಒಂದೇ ಉಳಿದಿತ್ತು.

ಪಂಪಣ್ಣ ಅನ್ನ ನೋಡಿದ. ಆಮೇಲೆ ಹೊಳೆಯ ಕಡೆ ನೋಡಿದ.

ಹೊಳೆಯ ಮೆಟ್ಟಿಲ ಮೇಲೊಂದು ಸೈರನ್ ಇತ್ತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆ ಏರಿದಾಗ ಮಾತ್ರ ಅದು ಬಾಯಿ ಬಿಡುತ್ತದೆ. ಉಳಿದ ದಿನ ಬ್ಯಾಟರಿ ಉಳಿಸಲು ಮಲಗಿರುತ್ತದೆ. ಯಾರು ಕರೆದರೂ ಓಗೊಡುವುದಿಲ್ಲ. ಅದನ್ನು ನಂಬಿ ಹುಲಿಗೆವ್ವ ಮತ್ತು ನಾಲ್ಕಾರು ಹೆಂಗಸರು ಮೊಣಕಾಲುದ್ದ ನೀರಲ್ಲಿ ನಿಂತು ಬಟ್ಟೆ ಒಗೆಯುತ್ತಾರೆ.

ಉಣ್ಣದೆ ಎದ್ದು ಫೋನು ತೆಗೆದ. ದ್ವಾರಪಾಲನ ವರದಿ ಬಂದಿತ್ತು: "ಚಪ್ಪಲಿ ಕ್ಯಾಮೆರಾ, ಕೊಟ್ಟಿಗೆ ಬೀಗ, ಮೆಟ್ಟಿಲ ಸೈರನ್ ತೆಗೆಯಲಾಗಿದೆ. ಕೆಲಸ ಯಶಸ್ವಿ."

ಅದನ್ನು ಅಜ್ಜನವರ ಮುಂದೆ ಹಿಡಿದ. ಅವರ ಊಟ ಹೇಗೂ ಮುಗಿದಿತ್ತು. ಮಾತಾಡಿದರು.

"ಮತ್ತ ಕೂಡಿಸೋರು ಯಾವಾಗ ಬರತಾರ?"

"ಕೇಳಿದರ ಬುಧವಾರ ಅನ್ನಬಹುದ್ರಿ."

"ಅಲ್ಲೀತನಕ ಹೊಳಿ ಬಂದರ ಯಾರು ಕೂಗತಾರ?"

ಪಂಪಣ್ಣ ಸುಮ್ಮನೆ ನಿಂತ.

"ಕರದೀನಿ," ಎಂದರು ಅಜ್ಜನವರು. "ಓಗೊಡು."

"ನಾನ್ರಿ."

ಮೆಟ್ಟಿಲಿಗೆ ಓಡಿಹೋಗಿ ಹೆಂಗಸರಿಗೆ ಎಲ್ಲ ಹೇಳಿದ. ಹುಲಿಗೆವ್ವ ಸೀರೆ ಹಿಂಡುತ್ತ ಕೇಳಿದಳು. "ಹಂಗಾರ ಸೈರನ್ ನೌಕರಿ ನಿನಗ ಬಂತನ್ನು. ಧ್ವನಿ ಐತೇನು?"

"ಐತಬೇ."

"ಕೂಗಿ ತೋರಸು."

ಪಂಪಣ್ಣ ಕೂಗಿದ. ಆಚೆ ದಂಡೆಯಲ್ಲಿ ಒಂದು ಎಮ್ಮೆ ತಲೆಯೆತ್ತಿ, ಮತ್ತೆ ಮೇಯತೊಡಗಿತು.

"ಆ ಸೈರನ್ ಚಲೋ ಇತ್ತು," ಎಂದಳು ಹುಲಿಗೆವ್ವ. ಎಲ್ಲರೂ ಒಂದು ಮೆಟ್ಟಿಲು ಮೇಲೆ ಬಂದು ಒಗೆದರು.

ಅವನು ನೀರು ನೋಡುತ್ತ ಕೂತ. ಸಣ್ಣ ಅಲೆ ಬಂದರೂ ಎದ್ದು ನಿಲ್ಲುತ್ತಿದ್ದ. ತೇಲಿಬಂದ ಕಸ ಕಂಡರೂ ಬಾಯಿ ತೆರೆಯುತ್ತಿದ್ದ.

ಬುಧವಾರ ಸೈರನ್ ಮತ್ತೆ ಕೂಡಿತು. ಪಂಪಣ್ಣ ಈ ಸಲ ಕೂತು ಬರೆದ:

"ಮಲಗಿದ್ದು ಸತ್ತದ್ದಲ್ಲ, ಮಲಗುವುದೇ ಕೆಲಸವಾದದ್ದನ್ನು ಬಿಡು. ತೆಗೆದದ್ದು ತಾನಾಗಿ ಮರಳುವುದಿಲ್ಲ. ಆದ್ದರಿಂದ ತೆಗೆಯುವ ಮುನ್ನ ಒಂದೊಂದರ ಹೆಸರು ಹೇಳು. ಒಬ್ಬ ಮನುಷ್ಯ ಓದಿ ಹೂಂ ಎನ್ನುವವರೆಗೆ ಯಾವುದನ್ನೂ ಮುಟ್ಟಬೇಡ."

ಅಜ್ಜನವರು ಓದಿ ಹಾಳೆ ಹಿಂದಿರುಗಿಸಿದರು.

"ನನ್ನ ತಪ್ಪಿನಿಂದ ಏನೇನ್ ಆತ್ರಿ ಅಜ್ಜಾರ?"

ಅಜ್ಜನವರು ಹೊಸ್ತಿಲಾಚೆ ನೋಡಿದರು.

"ಹೊಳಿ ಏರಲಿಲ್ಲ. ನನ್ನ ಚಪ್ಪಲಿ ಹೋದವು."