ಬಾಗಿಲಲ್ಲಿ ನಿಂತೋಳ ಮುಖ

"ಪುಟ್ಟತಾಯಕ್ಕ, ದೆವ್ವದ ಕತೆ ಓದಿದ್ರೆ ಜಾಸ್ತಿ ಹೆದರಿಕೆ ಆಗುತ್ತಾ, ಅದೇ ಕತೆ ಸಿನಿಮಾದಲ್ಲಿ ನೋಡಿದ್ರಾ?" ಅಂತ ಸುಗುಣಿ ಕೇಳಿದ್ಲು.

ಸುಗುಣಿ ಊದುಬತ್ತಿ ಹೊಸೆಯೋದು ಕಲಿಯೋಕೆ ಬಂದೋಳು. ಕೈಗಿಂತ ಬಾಯಿ ಮುಂದೆ. ನಮ್ಮ ಬೀದೀಲಿ ಊದುಬತ್ತಿ ಹೊಸೆಯೋರಿಗೆಲ್ಲ ಕೈ ತಿದ್ದಿದೋಳು ಪುಟ್ಟತಾಯಕ್ಕ. ಹಲಗೆ ಮೇಲೆ ಕಡ್ಡಿ ಹೊರಳಿಸ್ತಾನೇ ಅವಳು ಈ ಕತೆ ಹೇಳಿದ್ಲು.

ಒಂದು ಜಗಲಿ. ಅಲ್ಲಿ ಎಂಟು ಜನ ಹೆಂಗಸ್ರು ಕೂತು ಊದುಬತ್ತಿ ಹೊಸೀತಿದ್ರು. ಓದೋಕೆ ಬರ್ತಿದ್ದಿದ್ದು ಒಬ್ಬಳಿಗೇ. ಅವಳೂ ನಾಲ್ಕನೇ ಕ್ಲಾಸು, ಜಂಭ ಮಾತ್ರ ಹೆಡ್‌ಮೇಷ್ಟ್ರಷ್ಟು. ಗುರುವಾರ ವಾರಪತ್ರಿಕೆ ಬಂತು ಅಂದ್ರೆ ಅವಳು ಹಲಗೆ ಮುಟ್ಟೋ ಹಂಗಿಲ್ಲ, ದೆವ್ವದ ಧಾರಾವಾಹಿ ಜೋರಾಗಿ ಓದ್ಬೇಕು. ಅವಳ ಪಾಲಿನ ಕಡ್ಡಿ ಉಳಿದೋರು ಹೊಸೆದು ಕೊಡೋರು. ಗುರುವಾರ ಅಂದ್ರೆ ಹಬ್ಬ.

ಕತೇಲಿ ಸತ್ತೋಳೊಬ್ಬಳು ದೀಪ ಹಚ್ಚೋ ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ತಾಳೆ. "ಒಳಗೆ ಬರ್ಲಾ?" ಅಂತಾಳೆ. ಅಷ್ಟೇ. ಮುಖ ಹೇಗಿತ್ತು ಅಂತ ಬರೆದೋನು ಬರೀಲೇ ಇಲ್ಲ. ಅದಕ್ಕೇ ಜಗಳ.

"ನಮ್ಮತ್ತೆ ಥರ ಬಡಕಲು ಕಣೆ," ಅಂದ್ಲು ಒಬ್ಬಳು.

"ನಿಮ್ಮತ್ತೆ ಬದುಕಿದ್ದಾಗ್ಲೇ ದೆವ್ವ, ಸತ್ತು ಬೇರೆ ಬರ್ಬೇಕಾ? ಇವಳು ದಪ್ಪಗಿದ್ಲು," ಅಂದ್ಲು ಇನ್ನೊಬ್ಬಳು.

ಮೂಲೇಲಿ ಕೂರ್ತಿದ್ದೋಳು ಒಬ್ಬ ತಾಯಿ. ಹತ್ತು ವರ್ಷದ ಮಗಳು ಜ್ವರ ಬಂದು ತೀರ್ಕೊಂಡಿದ್ಲು. ಒಂದು ಫೋಟೋನೂ ತೆಗೆಸಿರ್ಲಿಲ್ಲ. ಅವಳು ಜಗಳಕ್ಕೆ ಬರ್ತಿರ್ಲಿಲ್ಲ. ಓದೋಳಿಗೆ ಒಂದು ಕಟ್ಟು ಜಾಸ್ತಿ ಹೊಸೆದು ಕೊಟ್ಟು, "ಆ ಬಾಗಿಲದ್ದು ಇನ್ನೊಂದ್ಸಲ ಓದೇ" ಅನ್ನೋಳು. ಕಣ್ಣು ಮುಚ್ಕೊಂಡು ಕೇಳೋಳು. ಅವಳಿಗೆ ಬಾಗಿಲಲ್ಲಿ ಕಾಣ್ತಿದ್ದಿದ್ದು ಮಗಳು. "ಬಾ" ಅಂತ ತುಟಿ ಆಡೋದು.

ಆ ಕತೆ ಸಿನಿಮಾ ಆಯ್ತು. ಯಾರ ದೆವ್ವ ಸರಿ ಅಂತ ತೀರ್ಮಾನ ಆಗೇ ಹೋಗ್ಲಿ ಅಂತ ಎಂಟೂ ಜನ ಮ್ಯಾಟ್ನಿಗೆ ಹೊರಟ್ರು. ಆಗ ಟಾಕೀಸು ಇತ್ತು, ಈಗ ಅಲ್ಲಿ ಟೈಲ್ಸ್ ಅಂಗಡಿ. ತಾಯಿ ಎಲ್ಲರಿಗಿಂತ ಮುಂಚೆ ತಲೆ ಬಾಚಿ, ಹೂ ಮುಡಿದು ರೆಡಿ. ಸೆರಗಿನ ಗಂಟಲ್ಲಿ ಮಗಳಿಗೆ ಅಂತ ಒಂದು ಕಡಲೆಮಿಠಾಯಿ.

ಪರದೆ ಮೇಲೆ ಬಾಗಿಲು ತೆಗೀತು. ಪೌಡರು ಮೆತ್ಕೊಂಡು, ಮೊಳದುದ್ದ ಉಗುರು ಬಿಟ್ಕೊಂಡು ಯಾವಳೋ ನಿಂತಿದ್ಲು. ಏಳು ಜನ ಕಿಟಾರಂತ ಕಿರುಚಿದ್ರು. ಆಮೇಲೆ ನಕ್ಕೊಂಡು ಮನೆಗೆ ಬಂದ್ರು. ಜಗಳ ತೀರ್ತು.

ಮುಂದಿನ ಗುರುವಾರ ಓದೋಳು ತಾನಾಗೇ ಹಳೇ ಸಂಚಿಕೆ ತೆಗೆದು ಬಾಗಿಲದ್ದು ಓದಿದ್ಲು. ತಾಯಿ ಕಣ್ಣು ಮುಚ್ಚಿದ್ಲು. ತಕ್ಷಣ ತೆಗೆದ್ಲು.

"ಸಾಕು ಬಿಡೆ. ಆ ಪೌಡರಿನೋಳೇ ಬರ್ತಾಳೆ," ಅಂದ್ಲು.

ಇಷ್ಟು ಹೇಳಿ ಪುಟ್ಟತಾಯಕ್ಕ ಇನ್ನೊಂದು ಕಡ್ಡಿ ತಗೊಂಡ್ಲು.

ಸುಗುಣಿ ನಕ್ಕುಬಿಟ್ಲು. "ಅಷ್ಟಕ್ಕೆಲ್ಲ ಕೊರಗ್ತಾರಾ ಅಕ್ಕ? ಸಿನಿಮಾ ಎಷ್ಟು ದಿನ ತಲೇಲಿರುತ್ತೆ? ನಾಲ್ಕು ದಿನ ಬಿಟ್ಟು ಕಣ್ಣು ಮುಚ್ಚಿದ್ರೆ ಮಗಳ ಮುಖ ತಾನಾಗೇ ಬರುತ್ತೆ."

ಹಲಗೆ ಮೇಲೆ ಪುಟ್ಟತಾಯಕ್ಕನ ಕೈ ನಿಂತೋಯ್ತು.

"ನಲವತ್ತು ವರ್ಷದಿಂದ ದಿನಾ ಕಣ್ಣು ಮುಚ್ತಿದೀನಿ ಕಣೆ ಸುಗುಣಿ, ಇನ್ನೂ ಆ ಪೌಡರಿನೋಳೇ ನಿಂತಿರ್ತಾಳೆ."